ಹೊಸದಾಗಿ ಹಚ್ಚಿದ ಮೇವಿನ ಹುಲ್ಲು: ಮೊದಲ ಎಪ್ಪತ್ತೈದು ದಿನ

(ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿ ಹಬ್ಬದ ನಿಮಿತ್ತ ನಡೆದ ಹೈನುಗಾರರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದ ಹೊತ್ತು ಇದು. ಸಹಕಾರದ ಬಗ್ಗೆ ದೊಡ್ಡ ಮಾತು ಆಡೋರು ಇವತ್ತು ಬೇಕಾದಷ್ಟು ಮಂದಿ ಬಂದಿದ್ದಾರೆ. ನಮಗೆ ಕಾರ್ಯದರ್ಶಿಗಳು ಕೊಟ್ಟಿರುವ ವಿಷಯ ಸಣ್ಣದು. ಹುಲ್ಲು. ಅದರಲ್ಲೂ ಹೊಸದಾಗಿ ಹಚ್ಚಿದ ಹುಲ್ಲನ್ನು ಹ್ಯಾಂಗೆ ಜ್ವಾಪಾನ ಮಾಡಬೇಕು ಅನ್ನೋದು.

ಪಟ್ಟಣದಾಗ ಮನೆ ಮುಂದೆ, ಆಫೀಸಿನ ಮುಂದೆ ಹುಲ್ಲುಹಾಸು ಬೆಳೆಸ್ತಾರೆ. ಲಾನ್ ಅಂತಾರೆ ಅದಕ್ಕೆ. ಅದು ನೋಡೋದಕ್ಕೆ, ಕುಂದ್ರೋದಕ್ಕೆ. ನಮ್ಮ ಹುಲ್ಲು ಗೋದಲಿಗೆ. ಆದರೂ ಎರಡಕ್ಕೂ ಮೊದಲ ಪಾಠ ಒಂದೇ. ಬೇರು ಊರೋ ತನಕ ಅದರ ಮೇಲೆ ಕಾಲಿಡಬಾರದು, ಕುಡುಗೋಲು ಇಡಬಾರದು, ನೀರು ತಪ್ಪಿಸಬಾರದು. ಲಾನ್ ಕೆಟ್ಟರೆ ಮನೆಯ ಅಂದ ಕೆಡುತ್ತದೆ. ನಮ್ಮ ಹುಲ್ಲು ಕೆಟ್ಟರೆ ಆಕಳು ಸಂತೆಗೆ ಹೋಗುತ್ತದೆ. ಆದ್ದರಿಂದ ವಿಷಯ ಸಣ್ಣದು ಅಂತ ಯಾರೂ ಎದ್ದು ಹೋಗಬೇಡಿ ಅಂತ ಮೊದಲೇ ಕೇಳಿಕೊಳ್ಳುತ್ತೇವೆ.

ನಮ್ಮ ಸೀಮೆ ಎಂಥದು ಅಂತ ನಿಮಗೆ ಹೇಳಬೇಕಾಗಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದೂ ತಾಲ್ಲೂಕು ಈಗ ವಿಜಯನಗರ ಜಿಲ್ಲೆಯಲ್ಲಿವೆ. ಹರಪನಹಳ್ಳಿಯವರಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರಕ್ಕೆ ಸೇರಿದರು. ಜಿಲ್ಲೆ ಬದಲಾಯಿತು, ಮುಗಿಲು ಬದಲಾಗಲಿಲ್ಲ. ಹಡಗಲಿ ಕಡೆ ತುಂಗಭದ್ರೆಯ ದಂಡೆ ಇದೆ, ಹಗರಿಬೊಮ್ಮನಹಳ್ಳಿ ಕಡೆ ಮಾಲವಿ ಜಲಾಶಯ ಇದೆ. ಉಳಿದ ನಾವೆಲ್ಲ ಮುಗಿಲು ನೋಡುವವರು, ಇಲ್ಲವೇ ಬೋರಿನ ಪೈಪು ನೋಡುವವರು. 1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ ಬಹಳ ನೊಂದಿತು ಅಂತ ಚರಿತ್ರೆ ಹೇಳುತ್ತದೆ. ಅಷ್ಟು ಹಿಂದಕ್ಕೆ ಹೋಗೋದು ಬೇಡ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಆ ವರ್ಷದ ಬೇಸಿಗೆ ಎಲ್ಲರಿಗೂ ನೆನಪಿದೆ.

ಬರ ಬಂದಾಗ ಆಗೋದೇನು? ಕಾಳು ಕಡಿ ರೇಷನ್ ಅಂಗಡಿಯಿಂದಲಾದರೂ ಬರುತ್ತದೆ. ಮೇವು ಬರೋದಿಲ್ಲ. ಬಂದರೂ ಕೊಳ್ಳುವ ದರ ಇರೋದಿಲ್ಲ. ಆಗ ಮೊದಲು ಕರೆಯೋ ದನಕ್ಕೆ ಮೇವು, ಗಬ್ಬದ ದನಕ್ಕೆ ಅರೆಹೊಟ್ಟೆ, ಕೊನೆಗೆ ಎರಡನ್ನೂ ಹಗ್ಗ ಹಿಡಿದು ಸಂತೆಗೆ. ಎಲ್ಲರೂ ಮಾರೋ ಹೊತ್ತಿಗೆ ಕೇಳೋರು ಇರೋದಿಲ್ಲ, ಮಳೆ ಬಂದ ಮೇಲೆ ಎಲ್ಲರೂ ಕೊಳ್ಳೋ ಹೊತ್ತಿಗೆ ಕೈಗೆ ಸಿಗೋದಿಲ್ಲ. ಆಕಳು ಮಾರಿದ ಮನೆಯಲ್ಲಿ ವಾರದ ಬಟವಾಡೆ ನಿಲ್ಲುತ್ತದೆ. ಮಕ್ಕಳ ಫೀಜು, ಸ್ವಸಹಾಯ ಸಂಘದ ಕಂತು, ಕಿರಾಣಿ ಲೆಕ್ಕ ಎಲ್ಲಾ ನಿಂತಿರೋದು ಆ ಬಟವಾಡೆ ಮೇಲೆ. ಸಂಘದ ಕ್ಯಾನು ಅರ್ಧ ಆದರೆ ಸಂಘವೂ ಅರ್ಧ ಆಗುತ್ತದೆ. ಇಪ್ಪತ್ತೈದು ವರ್ಷ ಕಟ್ಟಿದ್ದು ಎರಡು ಬೇಸಿಗೆಗೆ ಸಡಿಲಾಗಬಾರದು.

ಹಿಂದೆ ನಮ್ಮ ಹಿರಿಯರಿಗೆ ಇದರ ಚಿಂತೆ ಕಡಿಮೆ ಇತ್ತು. ಜೋಳ ಬಿತ್ತಿದರೆ ತೆನೆ ಮನುಷ್ಯರಿಗೆ, ಸೊಪ್ಪೆ ದನಕ್ಕೆ. ಶೇಂಗಾ ಹರಿದರೆ ಹೊಟ್ಟು ಸಿಗುತ್ತಿತ್ತು. ಪ್ರತಿ ಮನೆ ಹಿತ್ತಲಲ್ಲಿ ಒಂದು ಬಣವೆ ಇರುತ್ತಿತ್ತು. ಈಗ ಮೆಕ್ಕೆಜೋಳ ಬಂದು ಜೋಳದ ಹೊಲ ಕಡಿಮೆ ಆಯಿತು. ಮೆಕ್ಕೆಜೋಳದ ಒಣದಂಟನ್ನು ದನ ಜೋಳದ ಸೊಪ್ಪೆ ತಿಂದಂತೆ ತಿನ್ನೋದಿಲ್ಲ. ಅದರ ಮೇಲೆ 2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಕಾಣಿಸಿಕೊಂಡ ಲದ್ದಿಹುಳು ಈಗ ದೇಶದ ತುಂಬ ಹರಡಿದೆ. ಅದಕ್ಕೆ ಔಷಧಿ ಹೊಡೆದ ಹೊಲದ ಹಸಿದಂಟನ್ನು ತಂದು ಹಾಕೋದಕ್ಕೂ ಭಯ. ಹೀಗಾಗಿ ಸ್ವಂತದ ಹಸಿಮೇವು ಇಲ್ಲದೆ ಹೈನು ನಡೆಯೋದಿಲ್ಲ ಅನ್ನೋ ಕಾಲ ಬಂದಿದೆ.

ನಮ್ಮಲ್ಲಿ ಬಹಳ ಮಂದಿ ಹಚ್ಚಿರೋದು, ಹಚ್ಚಬೇಕು ಅಂತಿರೋದು ನೇಪಿಯರ್ ಜಾತಿಯ ಹುಲ್ಲು. ಅದರ ಹುಟ್ಟು ಆಫ್ರಿಕಾ. ಆನೆಹುಲ್ಲು ಅಂತಲೂ ಕರೀತಾರೆ. ಆ ಹುಲ್ಲಿಗೂ ನಮ್ಮ ಸಜ್ಜೆಗೂ ಬೆರಕೆ ಮಾಡಿ ಕೊಯಮತ್ತೂರಿನ ವಿಜ್ಞಾನಿಗಳು 1950ರ ದಶಕದಲ್ಲೇ ಸಂಕರಣ ತಳಿ ತೆಗೆದರು. ಆನೆಹುಲ್ಲಿನ ಬಾಳಿಕೆ, ಸಜ್ಜೆಯ ಮೆತ್ತನೆ ಎಲೆ ಎರಡೂ ಕೂಡಿದ್ದರಿಂದ ಅದು ಹಬ್ಬಿತು. ಈಗ ಕೊಯಮತ್ತೂರಿನ ಕೋ-4, ಕೋ-5 ಇವೆ. ಧಾರವಾಡದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಕೇಂದ್ರದಿಂದ ಬಂದ ಡಿಎಚ್‌ಎನ್-6 ಇದೆ, ಅದಕ್ಕೆ 'ಸಂಪೂರ್ಣ' ಅಂತಲೂ ಹೆಸರು. ಇವು ಬೆರಕೆ ತಳಿ ಆದ್ದರಿಂದ ಬೀಜ ಕಟ್ಟೋದಿಲ್ಲ. ಕಡ್ಡಿಯಿಂದ, ಇಲ್ಲವೇ ಬೇರುಸಸಿಯಿಂದ ಮಾತ್ರ ಬೆಳೀಬೇಕು. ನೇಪಿಯರ್ ಬೀಜ ಅಂತ ಯಾರಾದರೂ ಪಾಕೀಟು ತಂದು ಮಾರಿದರೆ ತಗೋಬೇಡಿ.

ಎಷ್ಟು ಜಾಗ ಬೇಕು ಅನ್ನೋ ಲೆಕ್ಕ ಮೊದಲು ನೋಡೋಣ. ಎಂಟು ಹತ್ತು ಲೀಟರು ಕರೆಯೋ ಒಂದು ಆಕಳಿಗೆ ದಿನಕ್ಕೆ 25 ಕೆಜಿ ಹಸಿಮೇವು ಹಿಡಿಯಿರಿ, ಜೊತೆಗೆ ಐದಾರು ಕೆಜಿ ಒಣಮೇವು. ವರ್ಷಕ್ಕೆ ಹಸಿಮೇವು 9 ಟನ್ ಆಯಿತು. ಈ ಹುಲ್ಲು ಎಕರೆಗೆ ವರ್ಷಕ್ಕೆ ಸುಮಾರು 150 ಟನ್ ಕೊಡುತ್ತದೆ ಅಂತ ಸಂಶೋಧನಾ ಕೇಂದ್ರದವರು ಹೇಳ್ತಾರೆ. ಅದು ಅವರ ನೀರು, ಅವರ ಗೊಬ್ಬರ, ಅವರ ಆಳು. ನಮ್ಮ ಬೋರಿಗೆ ಮೂರರಲ್ಲಿ ಒಂದು ಪಾಲು, ಅಂದರೆ 50 ಟನ್ ಅಂತ ಇಟ್ಟುಕೊಂಡರೂ ಗುಂಟೆಗೆ 1,250 ಕೆಜಿ ಬಂತು. ಒಂದು ಆಕಳಿಗೆ ಏಳೆಂಟು ಗುಂಟೆ ಸಾಕು. ಇಡೀ ಎಕರೆ ಹಚ್ಚಿ ನೀರು ಸಾಲದೆ ಒಣಗಿಸೋದಕ್ಕಿಂತ ಎಂಟು ಗುಂಟೆ ಹಚ್ಚಿ ಹಸಿರಾಗಿ ಇಟ್ಟುಕೊಳ್ಳೋದು ಲಾಭ.

ಈಗ ಹಚ್ಚುವ ಕೆಲಸಕ್ಕೆ ಬರೋಣ. ಸಾಲಿಂದ ಸಾಲಿಗೆ ಮೂರು ಅಡಿ, ಕಡ್ಡಿಯಿಂದ ಕಡ್ಡಿಗೆ ಎರಡು ಅಡಿ. ಗುಂಟೆಗೆ 180 ಕಡ್ಡಿ ಹಿಡಿಯುತ್ತವೆ. ಮೂರು ತಿಂಗಳು ಬಲಿತ ದಂಟಿನ ತುದಿ ಬಿಟ್ಟು, ಬುಡದ ಕಡೆಯ ಭಾಗದಿಂದ ಎರಡು ಗೆಣ್ಣಿನ ಕಡ್ಡಿ ಕೊಯ್ಯಬೇಕು. ಕಣ್ಣು ಮೇಲ್ಮುಖ ಆಗಿರಬೇಕು. ಒಂದು ಗೆಣ್ಣು ಮಣ್ಣೊಳಗೆ, ಒಂದು ಗೆಣ್ಣು ಹೊರಗೆ, ಸ್ವಲ್ಪ ಓರೆಯಾಗಿ ಊರಬೇಕು. ಗುಂಟೆಗೆ ಎರಡೂವರೆ ಕ್ವಿಂಟಾಲ್ ತಿಪ್ಪೆಗೊಬ್ಬರ ಮೊದಲೇ ಮಣ್ಣಿಗೆ ಸೇರಿರಬೇಕು. ಗೊಬ್ಬರ ಪೂರಾ ಕಳಿತಿರಬೇಕು ನೋಡ್ರಿ. ಹಸಿ ಸಗಣಿ ಹಾಕಿದರೆ ಮಸಾರಿ ಹೊಲದಲ್ಲಿ ಗೆದ್ದಲು ಬರುತ್ತದೆ, ಗೆದ್ದಲಿಗೆ ಮೊದಲ ಊಟ ನಿಮ್ಮ ಕಡ್ಡಿ. ಆರಿದ್ರಾ ಮಳೆ ಹೊತ್ತಿಗೆ ಹಚ್ಚಿದರೆ ಉತ್ತರಿ ಮಳೆ ಹೊತ್ತಿಗೆ ಮೊದಲ ಕೊಯ್ಲು ಬರುತ್ತದೆ. ಆ ಲೆಕ್ಕ ನಮ್ಮ ಕಡೆಗೆ ಸರಿಹೊಂದುತ್ತದೆ. ಬಿಸಿಲಲ್ಲಿ ಹಚ್ಚಬೇಡಿ, ಸಾಯಂಕಾಲ ಹಚ್ಚಿ.

ಹಚ್ಚೋದು ಒಂದು ದಿನದ ಕೆಲಸ, ಸುಲಭ. ಫೋಟೋ ತೆಗೆಸಿಕೊಳ್ಳೋದು ಇನ್ನೂ ಸುಲಭ. ನಿಜವಾದ ಕೆಲಸ ಮರುದಿನದಿಂದ.

ನೀರಿನ ಮಾತು. ಹಚ್ಚಿದ ಕೂಡಲೇ ಒಂದು ನೀರು, ಮೂರನೇ ದಿನ ಇನ್ನೊಂದು ನೀರು. ಈ ಎರಡನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ಮೊದಲನೇ ನೀರು ಕಡ್ಡಿಯ ಸುತ್ತ ಮಣ್ಣನ್ನು ಕೂಡಿಸುತ್ತದೆ, ಎರಡನೇ ನೀರು ಕಣ್ಣನ್ನು ಎಬ್ಬಿಸುತ್ತದೆ. ಆಮೇಲೆ ಮಸಾರಿ ಹೊಲಕ್ಕೆ ಐದಾರು ದಿನಕ್ಕೊಮ್ಮೆ, ಎರೆ ಹೊಲಕ್ಕೆ ಎಂಟು ಹತ್ತು ದಿನಕ್ಕೊಮ್ಮೆ. ಮೊದಲ ತಿಂಗಳು ನೀರು ತೆಳ್ಳಗೆ, ಬೇಗಬೇಗ ಕೊಡಬೇಕು, ಏಕೆಂದರೆ ಬೇರು ಇನ್ನೂ ಮೇಲೇ ಇರುತ್ತದೆ. ತಿಂಗಳ ನಂತರ ಅಂತರ ಸ್ವಲ್ಪ ಹೆಚ್ಚು ಮಾಡಿ, ಕೊಟ್ಟಾಗ ತುಂಬ ಕೊಡಿ. ಆಗ ಬೇರು ನೀರು ಹುಡುಕಿಕೊಂಡು ಕೆಳಕ್ಕೆ ಇಳಿಯುತ್ತದೆ. ದಿನಾ ಮೇಲೆ ಮೇಲೆ ನೀರು ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ, ಮೋಟರು ಎಂಟು ದಿನ ಸುಟ್ಟು ಕುಂತರೆ ಹುಲ್ಲು ಒಣಗುತ್ತದೆ. ಎರೆ ಹೊಲದವರು ಇನ್ನೊಂದು ನೆನಪಿಡಬೇಕು. ಈ ಹುಲ್ಲು ಬರ ತಡೆದುಕೊಳ್ಳುತ್ತದೆ, ನಿಂತ ನೀರು ತಡೆಯೋದಿಲ್ಲ. ಹತ್ತಿ, ಚಿತ್ತಿ ಮಳೆ ಜೋರಾಗಿ ಹೊಡೆದಾಗ ನೀರು ಹರಿದು ಹೋಗೋಕೆ ಕಾಲುವೆ ಇರಲಿ. ಡ್ರಿಪ್ ಇದ್ದವರಿಗೆ ನೀರು ಉಳಿಯುತ್ತದೆ, ಆದರೆ ತೂತು ಕಟ್ಟಿದೆಯೋ ಇಲ್ಲವೋ ವಾರಕ್ಕೊಮ್ಮೆ ಬಗ್ಗಿ ನೋಡಬೇಕು.

ಎಂಟು ಹತ್ತು ದಿನಕ್ಕೆ ಕಣ್ಣು ಒಡೆಯುತ್ತವೆ. ಹದಿನೈದನೇ ದಿನ ಸಾಲು ಸಾಲು ನಡೆದು ನೋಡಿ. ಒಣಗಿದ ಕಡೆ ಬೇರೆ ಕಡ್ಡಿ ಊರಬೇಕು. ಅದಕ್ಕಂತ ಹಚ್ಚೋ ದಿನವೇ ನೂರಕ್ಕೆ ಹತ್ತರಂತೆ ಹೆಚ್ಚಿನ ಕಡ್ಡಿ ಮೂಲೆಯಲ್ಲಿ ಒತ್ತಾಗಿ ಹಚ್ಚಿ ಇಟ್ಟುಕೊಳ್ಳಿ. ಅದೇ ವಯಸ್ಸಿನ ಸಸಿ ಸಿಗುತ್ತದೆ. ಇಪ್ಪತ್ತು ದಿನ ದಾಟಿದ ಮೇಲೆ ತುಂಬಿದ ಸಸಿ ಪಕ್ಕದವರ ನೆರಳಲ್ಲಿ ಮೇಲೇಳೋದಿಲ್ಲ.

ಕಳೆ. ಹುಲ್ಲಿನ ಹೊಲದಲ್ಲಿ ಹುಲ್ಲು ಕೀಳೋದೇನು ಅಂತ ನಗಬೇಡಿ. ಕರಕಿ, ಜೇಕು, ಕಾಂಗ್ರೆಸ್ ಗಿಡ ಈ ಮೂರೂ ಎಳೆ ಸಸಿಯ ನೀರು, ಗೊಬ್ಬರ ತಿಂದುಬಿಡುತ್ತವೆ. ಇಪ್ಪತ್ತರಿಂದ ಇಪ್ಪತ್ತೈದು ದಿನದೊಳಗೆ ಒಂದು ಸಲ, ನಲವತ್ತನೇ ದಿನಕ್ಕೆ ಇನ್ನೊಂದು ಸಲ ಕಳೆ ತೆಗೆದು ಬುಡಕ್ಕೆ ಮಣ್ಣು ಏರಿಸಬೇಕು. ಆಮೇಲೆ ಹುಲ್ಲಿನ ನೆರಳು ನೆಲ ಮುಚ್ಚುತ್ತದೆ, ಕಳೆ ತಾನೇ ಸೋಲುತ್ತದೆ. ಬದುವಿನ ಹುಲ್ಲು ಸುಡೋಕೆ ಔಷಧಿ ಹೊಡೆಯೋರು ಗಾಳಿ ದಿಕ್ಕು ನೋಡಿ ಹೊಡೀರಿ. ಅದಕ್ಕೆ ಕಳೆ ಯಾವುದು, ಬೆಳೆ ಯಾವುದು ಅಂತ ಗೊತ್ತಾಗೋದಿಲ್ಲ. ದನ ತಿನ್ನೋ ಹುಲ್ಲಿನ ಮೇಲೆ ಅದು ಬೀಳಲೇಬಾರದು.

ಗೊಬ್ಬರ. ಮೂವತ್ತನೇ ದಿನ ಗುಂಟೆಗೆ ಒಂದರಿಂದ ಒಂದೂವರೆ ಕೆಜಿ ಯೂರಿಯಾ ಸಾಕು. ನೆಲ ಹಸಿ ಇದ್ದಾಗ, ಎಲೆ ಮೇಲೆ ಇಬ್ಬನಿ ಆರಿದ ಮೇಲೆ, ಬುಡದಿಂದ ನಾಲ್ಕು ಬೆರಳು ದೂರ ಹಾಕಬೇಕು. ಮುಂದೆ ಪ್ರತಿ ಕೊಯ್ಲು ಆದ ಕೂಡಲೇ ಅಷ್ಟೇ. ಕೊಟ್ಟಿಗೆ ತೊಳೆದ ನೀರು, ಒಂದಕ್ಕೆ ಹತ್ತು ಪಾಲು ನೀರು ಕೂಡಿಸಿದ ಗಂಜಲ ಬಿಟ್ಟರೆ ಯೂರಿಯಾ ಇನ್ನೂ ಕಡಿಮೆ ಮಾಡಬಹುದು. ಹೆಚ್ಚು ಹಾಕಿದರೆ ಹುಲ್ಲು ಕರಿಹಸಿರಾಗಿ ಕಾಣುತ್ತದೆ, ಕಣ್ಣಿಗೆ ಚಂದ. ಆದರೆ ಆ ಹುಲ್ಲಲ್ಲಿ ನೈಟ್ರೇಟ್ ಎಂಬ ವಿಷದಂಶ ಸೇರುತ್ತದೆ. ಯೂರಿಯಾ ಹಾಕಿ ಮೂರು ವಾರದೊಳಗೆ ಆ ಹುಲ್ಲು ಕೊಯ್ದು ಹಾಕಬಾರದು. ಕೊಯ್ದ ದಿನವೇ ಹಾಕಿ ಅಂತ ಹೇಳೋದು ಅದಕ್ಕೇ. ಮುಂದಿನ ಕೊಯ್ಲಿಗೆ ಒಂದೂವರೆ ತಿಂಗಳು ಇರುತ್ತದೆ.

ಈಗ ಮುಖ್ಯ ಮಾತು. ಐವತ್ತನೇ ದಿನದ ಮಾತು.

ಐವತ್ತನೇ ದಿನಕ್ಕೆ ಹುಲ್ಲು ಸೊಂಟದ ಮಟ ನಿಂತಿರುತ್ತದೆ. ಹಸಿರಾಗಿ ಅಲ್ಲಾಡುತ್ತಿರುತ್ತದೆ. ಮನೆಯಲ್ಲಿ ಸೊಪ್ಪೆ ಮುಗಿದಿರುತ್ತದೆ. ಆಕಳು ಕಣ್ಣು ಬಿಟ್ಟು ನೋಡುತ್ತಿರುತ್ತದೆ, ಹಾಲು ಒಂದು ಲೀಟರು ಇಳಿದಿರುತ್ತದೆ. ಯಾವ ತಾಯಿಯ ಕೈ ಕುಡುಗೋಲಿಗೆ ಹೋಗೋದಿಲ್ಲ ಹೇಳ್ರಿ? ಆ ಕೈ ತಡೆಯೋದೇ ಈ ಬೇಸಾಯದ ಕಷ್ಟ. ಮೇಲೆ ಸೊಂಟದ ಮಟ ಬಂದಿದ್ದರೂ ಕೆಳಗೆ ಅದು ಇನ್ನೂ ಕೂಸು. ಮೊದಲ ಎರಡು ತಿಂಗಳು ಎಲೆ ಮಾಡಿದ ಆಹಾರವನ್ನು ಹುಲ್ಲು ಬುಡಕ್ಕೂ ಬೇರಿಗೂ ಕಳಿಸಿ ಕೂಡಿಡುತ್ತದೆ. ಅದು ಅದರ ಠೇವಣಿ. ಕೊಯ್ದ ಮೇಲೆ ಎಲೆ ಇರೋದಿಲ್ಲ, ಆಗ ಹೊಸ ಚಿಗುರು ಹೊರಡೋದು ಆ ಠೇವಣಿ ತೆಗೆದುಕೊಂಡೇ. ಠೇವಣಿ ತುಂಬೋ ಮೊದಲೇ ಕೊಯ್ದರೆ ಚಿಗುರು ಸಣ್ಣಗೆ ಬರುತ್ತದೆ, ಬುಡ ದಪ್ಪ ಆಗೋದಿಲ್ಲ. ಹತ್ತು ಹದಿನೈದು ಕವಲು ಒಡೆಯಬೇಕಾದ ಬುಡ ನಾಲ್ಕೈದಕ್ಕೆ ನಿಲ್ಲುತ್ತದೆ. ಆಮೇಲೆ 'ಈ ತಳಿ ನಮ್ಮ ನೆಲಕ್ಕೆ ಆಗೋದಿಲ್ಲ' ಅಂತ ಹುಲ್ಲನ್ನು ಬಯ್ಯುತ್ತೇವೆ. ಸಂಘದ ಪಾಲು ಹಣವನ್ನು ಎರಡನೇ ತಿಂಗಳೇ ವಾಪಸು ಕೇಳಿದರೆ ಸಂಘ ನಡೆಯುತ್ತದೆಯೇ? ಇದೂ ಹಾಗೇ.

ಎಪ್ಪತ್ತೈದು ದಿನ. ಎಂಬತ್ತಾದರೂ ಚಿಂತೆಯಿಲ್ಲ. ಅಲ್ಲಿಯವರೆಗೆ ಕಾಯೋದಕ್ಕೆ ಬರೀ ಮನಸ್ಸು ಗಟ್ಟಿ ಮಾಡಿದರೆ ಸಾಲದು, ಬೇರೆ ಮೇವಿನ ವ್ಯವಸ್ಥೆ ಇರಬೇಕು. ಹಸಿದ ಆಕಳ ಮುಂದೆ ಉಪದೇಶ ನಡೆಯೋದಿಲ್ಲ. ಅದಕ್ಕೆ ಎರಡು ದಾರಿ. ಒಂದು, ಹುಲ್ಲು ಹಚ್ಚೋ ಮೊದಲೇ ಎಪ್ಪತ್ತೈದು ದಿನದ ಸೊಪ್ಪೆ ಲೆಕ್ಕ ಹಾಕಿ ಇಟ್ಟುಕೊಳ್ಳಿ. ದಿನಕ್ಕೆ ಎಂಟು ಕೆಜಿ ಅಂದರೆ ಒಂದು ಆಕಳಿಗೆ ಆರು ಕ್ವಿಂಟಾಲ್. ಕತ್ತರಿಸಿ ಹಾಕಿದರೆ ಹಾಳಾಗೋದು ಕಡಿಮೆ. ಎರಡು, ಹುಲ್ಲು ಹಚ್ಚಿದ ದಿನವೇ ಮೂರು ಅಡಿ ಸಾಲಿನ ನಡುವೆ ಅಲಸಂದಿ ಹಾಕಿ. ಐವತ್ತರಿಂದ ಐವತ್ತೈದು ದಿನಕ್ಕೆ, ಸರಿಯಾಗಿ ನಿಮ್ಮ ಕೈ ಕುಡುಗೋಲಿಗೆ ಹೋಗೋ ಹೊತ್ತಿಗೆ, ಅದು ಕೊಯ್ಲಿಗೆ ಬರುತ್ತದೆ. ನೆಲಕ್ಕೂ ಒಳ್ಳೇದು, ದನಕ್ಕೂ ಒಳ್ಳೇದು, ಕಳೆಯೂ ತಗ್ಗುತ್ತದೆ. ಹಸಿ ಅಲಸಂದಿಯೊಂದನ್ನೇ ಹೊಟ್ಟೆತುಂಬ ಹಾಕಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಸ್ವಲ್ಪ ಬಾಡಿಸಿ ಸೊಪ್ಪೆ ಜೊತೆ ಕಲಸಿ ಹಾಕಿ.

ಮೊದಲ ಕೊಯ್ಲು ಹೇಗೆ? ಕುಡುಗೋಲು ಚೂಪಾಗಿರಲಿ. ನೆಲದಿಂದ ಆರು ಇಂಚು ಬಿಟ್ಟು ಕೊಯ್ಯಬೇಕು, ಮುಂದಿನ ಕೊಯ್ಲುಗಳಲ್ಲಿ ನಾಲ್ಕೈದು ಇಂಚು ಬಿಟ್ಟರೆ ನಡೆಯುತ್ತದೆ. ನೆಲಕ್ಕೆ ಹತ್ತಿ ಕೊಯ್ದರೆ ಕಣ್ಣು ಹೋಗುತ್ತವೆ, ಬುಡಕ್ಕೆ ನೀರು ಇಳಿದು ಕೊಳೆಯುತ್ತದೆ. ಮೊಂಡ ಕುಡುಗೋಲಿನಿಂದ ಜಗ್ಗಿದರೆ ಬುಡ ಸಡಿಲಾಗುತ್ತದೆ. ಪಟ್ಟಣದ ಲಾನ್ ಕತ್ತರಿಸುವವರೂ ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಒಮ್ಮೆಲೇ ತೆಗೆಯೋದಿಲ್ಲ. ನಮ್ಮದು ಬೇರೆ ಜಾತಿ, ಅಷ್ಟು ಬಿಡಬೇಕಾಗಿಲ್ಲ. ಆದರೆ ಬುಡ ಬಿಡಬೇಕು ಅನ್ನೋ ನ್ಯಾಯ ಒಂದೇ.

ಒಂದೇ ದಿನ ಇಡೀ ಹೊಲ ಕೊಯ್ಯಬೇಡಿ. ಎಂಟು ಗುಂಟೆಯಲ್ಲಿ 1,440 ಬುಡ ಇರುತ್ತವೆ. ನಲವತ್ತೈದು ದಿನದ ಸರದಿ ಹಾಕಿದರೆ ದಿನಕ್ಕೆ 32 ಬುಡ. ಒಂದು ಬುಡಕ್ಕೆ ಮುಕ್ಕಾಲು ಕೆಜಿ ಮೇಲ್ಪಟ್ಟು ಸಿಕ್ಕರೂ ಆಕಳಿನ 25 ಕೆಜಿ ಆಯಿತು. ನಲವತ್ತಾರನೇ ದಿನ ಮೊದಲು ಕೊಯ್ದ ಬುಡ ಮತ್ತೆ ತಯಾರಾಗಿರುತ್ತದೆ. ಹೊಲದ ಬದುವಿಗೆ ಒಂದು ಕಲ್ಲು ಇಟ್ಟು ದಿನಾ ಸರಿಸುತ್ತಾ ಹೋದರೆ ಓದು ಬರಹ ಬಾರದವರಿಗೂ ಲೆಕ್ಕ ತಪ್ಪೋದಿಲ್ಲ. ಪುಷ್ಯ ಮಾಘದ ಚಳಿಯಲ್ಲಿ ಬೆಳವಣಿಗೆ ನಿಧಾನ. ಆಗ ಐವತ್ತೈದು ಅರವತ್ತು ದಿನ ಬಿಟ್ಟು ಕೊಯ್ಯಿರಿ, ಕೊರತೆಗೆ ಒಣಮೇವು ಕೂಡಿಸಿ.

ದನಕ್ಕೆ ಹಾಕುವಾಗಲೂ ನಾಲ್ಕು ಎಚ್ಚರ ಬೇಕು. ಹೊಸ ಹುಲ್ಲನ್ನು ಒಮ್ಮೆಲೇ ತುಂಬ ಹಾಕಬೇಡಿ, ಎಂಟು ಹತ್ತು ದಿನದಲ್ಲಿ ನಿಧಾನಕ್ಕೆ ಏರಿಸಿ. ಒಂದೆರಡು ಇಂಚಿಗೆ ಕತ್ತರಿಸಿ ಸೊಪ್ಪೆ ಜೊತೆ ಕೂಡಿಸಿ. ಬರೀ ಹಸಿರು ಹಾಕಿದರೆ ಹಾಲು ಏರಿದರೂ ಫ್ಯಾಟು ಇಳಿಯುತ್ತದೆ, ಆಮೇಲೆ ಟೆಸ್ಟ್ ಮಾಡೋ ಹುಡುಗನ ಮೇಲೆ ಸಿಟ್ಟು ಮಾಡುತ್ತೇವೆ. ಈ ಹುಲ್ಲಲ್ಲಿ ಆಕ್ಸಲೇಟ್ ಅನ್ನೋ ಅಂಶ ಇರುತ್ತದೆ, ಎಳೇ ಹುಲ್ಲಲ್ಲಿ ಹೆಚ್ಚು. ಅದು ದನದ ಸುಣ್ಣದಂಶವನ್ನು ಹಿಡಿದುಬಿಡುತ್ತದೆ. ಹಾಲು ಕರೆಯೋ ಆಕಳಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಿ, ಅಲಸಂದಿಯೋ ಕುದುರೆಮೆಂತ್ಯವೋ ಜೊತೆಗಿರಲಿ. ಐವತ್ತನೇ ದಿನ ಕೊಯ್ಯಬೇಡಿ ಅನ್ನೋದಕ್ಕೆ ಇದೂ ಒಂದು ಕಾರಣ.

ಇನ್ನು ಎಳೇ ಜೋಳದ ಮಾತು. ಹುಲ್ಲು ಬರೋ ತನಕ ಅಂತ ಕೆಲವರು ಬಾಡಿದ ಎಳೇ ಜೋಳ, ಜೋಳ ಕೊಯ್ದ ಮೇಲಿನ ಕುಳೆ ಚಿಗುರು ಹಾಕ್ತಾರೆ. ಅದರಲ್ಲಿ ಇರೋದು ಸೈನೈಡ್ ಜಾತಿಯ ವಿಷ. ಮಳೆ ಹೋಗಿ ಬಾಡಿದಾಗ ಇನ್ನೂ ಹೆಚ್ಚು. ತಿಂದ ಸ್ವಲ್ಪ ಹೊತ್ತಿಗೇ ದನ ನೆಲಕ್ಕೆ ಬೀಳುತ್ತದೆ, ಡಾಕ್ಟರು ಬರೋ ತನಕ ಉಳಿಯೋದು ಕಷ್ಟ. ಹೂವಾಡೋ ತನಕ ಆ ಜೋಳ ಮುಟ್ಟಬೇಡಿ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು, ಹುಡುಗರಿಗೆ ಹೇಳಿಕೊಡೋದು ನಮ್ಮ ಕೆಲಸ.

ಮುಂದೆ ಕಾವಲಿನ ಮಾತು. ಹೊಸ ಹುಲ್ಲಿಗೆ ಹುಳಕ್ಕಿಂತ ದೊಡ್ಡ ವೈರಿ ಬಾಯಿ ಮತ್ತು ಗೊರಸು. ದನ ಬಿಟ್ಟು ಮೇಯಿಸಿದರೆ ಅದು ಕೊಯ್ಯೋದಿಲ್ಲ, ಬುಡಸಹಿತ ಜಗ್ಗುತ್ತದೆ. ಕುರಿ ಹಿಂಡು ಒಂದು ಸಲ ಹೊಕ್ಕರೆ ತಿಂಗಳ ಕೆಲಸ ಹೋಯಿತು. ಹಾಗಂತ ಕುರಿಗಾರರ ಮೇಲೆ ಬಡಿಗೆ ಎತ್ತೋದು ಸರಿಯಲ್ಲ. ಸುಗ್ಗಿ ಆದ ಮೇಲೆ ಗೊಬ್ಬರಕ್ಕಂತ ಅವರ ಹಿಂಡನ್ನು ಹೊಲದಲ್ಲಿ ತರುಬೋಕೆ ನಾವೇ ಕರೆಯುತ್ತೇವೆ. ಅವರಿಗೂ ಮೇವಿಲ್ಲ, ಗೋಮಾಳವೂ ಮೊದಲಿನಷ್ಟು ಉಳಿದಿಲ್ಲ. ಯಾವ ಹೊಲದಲ್ಲಿ ಹೊಸ ಹುಲ್ಲು ಇದೆ, ಹಿಂಡು ಯಾವ ದಾರಿಯಲ್ಲಿ ಹೋಗಬೇಕು ಅಂತ ಮೊದಲೇ ಕೂತು ಮಾತಾಡೋಣ. ಎಪ್ಪತ್ತೈದು ದಿನದ ಮಟ್ಟಿಗೆ ಒಂದು ಮುಳ್ಳುಬೇಲಿ ಕಟ್ಟೋಣ. ಠಾಣೆಗೆ ಹೋಗಿ ನಿಲ್ಲೋದಕ್ಕಿಂತ ಅದು ಅಗ್ಗ.

ಬೋರು ಇಲ್ಲದವರು, ಹೊಲವೇ ಇಲ್ಲದವರು ಏನು ಮಾಡಬೇಕು ಅಂತ ಹಿಂದೆ ಕುಂತ ಅಕ್ಕಂದಿರು ಕೇಳಬಹುದು. ಕೇಳಲೇಬೇಕು, ಸಂಘಕ್ಕೆ ಹಾಲು ಹಾಕೋರಲ್ಲಿ ಅವರೂ ಬಹಳ ಮಂದಿ ಇದ್ದಾರೆ. ಬಚ್ಚಲ ನೀರು, ಪಾತ್ರೆ ತೊಳೆದ ನೀರು ಹೋಗೋ ಕಡೆ ಹಿತ್ತಲಲ್ಲಿ ಇಪ್ಪತ್ತು ಬುಡ ಹಚ್ಚಿದರೂ ಒಂದು ಕರುವಿಗೆ, ಎರಡು ಆಡಿಗೆ ಆಸರೆ ಆಗುತ್ತದೆ. ಮಳೆ ನಂಬಿದ ಹೊಲದ ಬದುವಿಗೆ ಅಂಜನ ಹುಲ್ಲು, ಗಿನಿ ಹುಲ್ಲು ಹಾಕಬಹುದು. ನೇಪಿಯರ್‌ನಷ್ಟು ಕೊಡೋದಿಲ್ಲ, ಆದರೆ ಅಷ್ಟು ನೀರೂ ಕೇಳೋದಿಲ್ಲ. ಬೇಲಿ ಸಾಲಿಗೆ ಚೊಗಚೆ, ನುಗ್ಗೆ ಇರಲಿ. ಇವಕ್ಕೂ ಮೊದಲ ವರ್ಷದ ಕಾವಲು ಬೇಕೇ ಬೇಕು. ಅಂಜನ ಹುಲ್ಲನ್ನು ಮೊದಲ ಮಳೆಗಾಲ ಮೇಯಿಸದೆ, ಬೀಜ ಉದುರೋ ತನಕ ಬಿಟ್ಟರೆ ಮುಂದೆ ತಾನೇ ಹಬ್ಬುತ್ತದೆ.

ಕೊನೆಯದಾಗಿ ಆಡಳಿತ ಮಂಡಳಿಯ ಮುಂದೆ ನಾವು ಇಡಬೇಕೆಂದಿರುವ ಒಂದು ಸೂಚನೆ. ನಮ್ಮ ನೆರೆಯ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಅದಕ್ಕೆ ಹೆಸರು. ಒಬ್ಬನ ಕೈಲಿ ಆಗದ್ದನ್ನು ಹತ್ತು ಮಂದಿ ಕೂಡಿ ಮಾಡೋದು, ಪಡೆದದ್ದನ್ನು ತಿರುಗಿ ಕೊಡೋದು, ಸಹಕಾರ ಅಂದರೆ ಇಷ್ಟೇ. ರೊಕ್ಕದ ಸಾಲ ಕೊಟ್ಟ ಹಾಗೆ ನಮ್ಮ ಸಂಘ ಕಡ್ಡಿಯ ಸಾಲ ಯಾಕೆ ಕೊಡಬಾರದು? ನೀರಿರುವ ಒಬ್ಬಿಬ್ಬರು ಸದಸ್ಯರು ಎರಡು ಗುಂಟೆ ಹುಲ್ಲನ್ನು ಕೊಯ್ಯದೆ ಮೂರು ತಿಂಗಳು ಬಲಿಸಲಿ. ಒಂದು ಒಳ್ಳೇ ಬುಡದಿಂದ ಮೂವತ್ತು ಕಡ್ಡಿ ಸಿಗುತ್ತವೆ. ಎರಡು ಗುಂಟೆಯ 360 ಬುಡದಿಂದ ಹತ್ತು ಸಾವಿರಕ್ಕೂ ಹೆಚ್ಚು ಕಡ್ಡಿ. ಅದು ಅರವತ್ತು ಗುಂಟೆ ಹಚ್ಚೋದಕ್ಕೆ ಸಾಕು, ಏಳೆಂಟು ಆಕಳಿನ ವರ್ಷದ ಮೇವು. ಕಡ್ಡಿ ಪಡೆದವರು ಮುಂದಿನ ವರ್ಷ ಅಷ್ಟೇ ಕಡ್ಡಿ ಇನ್ನೊಬ್ಬ ಸದಸ್ಯರಿಗೆ ಕೊಡಬೇಕು. ಬಡ್ಡಿ ಬೇಡ, ಜಾಮೀನು ಬೇಡ, ಕಾರ್ಯದರ್ಶಿಗಳು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟರೆ ಸಾಕು. ಮೊದಲ ಪಾಳಿ ಒಂದೇ ಆಕಳು ಇದ್ದವರಿಗೆ, ವಿಧವೆಯರಿಗೆ, ಕಳೆದ ಬರದಲ್ಲಿ ದನ ಮಾರಿದವರಿಗೆ ಸಿಗಲಿ. ಹತ್ತು ಎಕರೆ ಇದ್ದವರು ಒಂದು ವರ್ಷ ತಡೆಯಲಿ.

ಇದಕ್ಕೆ ಒಂದು ಕರಾರು ಮಾತ್ರ ಇರಲಿ. ಕಡ್ಡಿ ತಗೊಂಡವರು ಎಪ್ಪತ್ತೈದು ದಿನಕ್ಕೆ ಮೊದಲು ಕುಡುಗೋಲು ಇಡಬಾರದು. ಆ ದಿನಗಳಲ್ಲಿ ಅವರ ಮನೆಯಲ್ಲಿ ಸೊಪ್ಪೆ ಮುಗಿದರೆ ಪಕ್ಕದ ಸದಸ್ಯರು ಎರಡು ಹೊರೆ ಕೊಡಬೇಕು. ಕೊಟ್ಟ ಹೊರೆ ಲೆಕ್ಕವೂ ಅದೇ ನೋಟುಬುಕ್ಕಿನಲ್ಲಿ ಇರಲಿ. ಎರಡನೆಯ ಮಾತು ಇಲ್ಲದಿದ್ದರೆ ಮೊದಲನೆಯ ಮಾತು ನಡೆಯೋದಿಲ್ಲ. ಮನೆಯಲ್ಲಿ ಮೇವಿಲ್ಲದವರಿಗೆ ಕಾಯಿರಿ ಅಂತ ಹೇಳೋ ಹಕ್ಕು, ಮೇವು ಕೊಟ್ಟವರಿಗೆ ಮಾತ್ರ ಇರುತ್ತದೆ.

ಸರಿಯಾಗಿ ಬೇರು ಬಿಟ್ಟ ಹುಲ್ಲು ನಾಲ್ಕೈದು ವರ್ಷ ಕೊಡುತ್ತದೆ. ಆಮೇಲೆ ಬುಡ ಸೀಳಿ ಹೊಸದಾಗಿ ಹಚ್ಚಿಕೊಳ್ಳಬಹುದು. ಎಪ್ಪತ್ತೈದು ದಿನ ಕಾದವರಿಗೆ ನಾಲ್ಕು ವರ್ಷದ ಮೇವು ಅಂದರೆ ಇದಕ್ಕಿಂತ ಒಳ್ಳೇ ಬಡ್ಡಿ ಯಾವ ಬ್ಯಾಂಕೂ ಕೊಡೋದಿಲ್ಲ. ಬರುವ ಆರಿದ್ರಾ ಮಳೆಗೆ ಮೊದಲ ಕಡ್ಡಿ ಹಚ್ಚೋ ಹಾಗೆ ಈ ವರ್ಷವೇ ಸರ್ವ ಸದಸ್ಯರ ಸಭೆಯಲ್ಲಿ ಠರಾವು ಮಾಡೋಣ ಅಂತ ತಮ್ಮಲ್ಲಿ ವಿನಂತಿ.

 ಸಾಯಂಕಾಲದ ಹಾಲಿನ ಹೊತ್ತಾಯಿತು, ಆಕಳುಗಳು ಕಾಯುತ್ತಿರುತ್ತವೆ.